ಉತ್ತರ ಐರ್ಲೆಂಡಿನ ಮೆರವಣಿಗೆ ಜಗಳ: ನಿಜಕ್ಕೂ ತಣ್ಣಗಾಗಿದೆಯಾ?

ಹೊಸಓದುಗ:
ಆರೆಂಜ್ ಆರ್ಡರ್ ಎಂಬ ಪ್ರಾಟೆಸ್ಟೆಂಟ್ ಸಂಘ ಜುಲೈ 12ರಂದು ನಡೆಸುವ ಆರೆಂಜ್ ಮೆರವಣಿಗೆಗಳ ಬಗ್ಗೆ ಓದುತ್ತಿದ್ದೇನೆ. 1690ರ ಬಾಯ್ನ್ ಕದನದಲ್ಲಿ ಪ್ರಾಟೆಸ್ಟೆಂಟ್ ದೊರೆ ಮೂರನೇ ವಿಲಿಯಂ ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸನನ್ನು ಸೋಲಿಸಿದ ನೆನಪಿಗೆ ನಡೆಯುವವು ಎಂಬಲ್ಲಿವರೆಗೆ ಗೊತ್ತು. 1995ರಿಂದ 98ರವರೆಗಿನ ಡ್ರಮ್‌ಕ್ರೀ ಗಲಾಟೆ ಬಗ್ಗೆ ಬೇಕಾದಷ್ಟು ಸಿಗುತ್ತದೆ, ಆಮೇಲಿನದ್ದು ಅಲ್ಲೊಂದು ಇಲ್ಲೊಂದು. ಈಗ ಒಂದು ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಗಲಾಟೆ ಕಡಿಮೆಯಾಗಿದ್ದು ಕಾನೂನಿನಿಂದಲಾ, ಜನರ ಮನಸ್ಸು ಬದಲಾಗಿದ್ದರಿಂದಲಾ? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ಕಡತಪ್ರಿಯ:
ಮೊದಲು ಕಾನೂನಿನ ಭಾಗ ಹೇಳಿಬಿಡುತ್ತೇನೆ.

ಅಲ್ಲಿ ಮೆರವಣಿಗೆಗೆ ಅನುಮತಿ ಕೇಳುವ ಪದ್ಧತಿಯೇ ಇಲ್ಲ. ಮುಂಚಿತವಾಗಿ ತಿಳಿಸಬೇಕು, ಅಷ್ಟೆ. 11/1 ಅನ್ನೋ ನಮೂನೆ ತುಂಬಿ ಕನಿಷ್ಠ 28 ದಿನ ಮೊದಲು ಪೊಲೀಸರಿಗೆ ಕೊಡಬೇಕು. ದಿನ, ಹೊರಡುವ ಹೊತ್ತು, ಹೋಗುವ ಮತ್ತು ಮರಳುವ ದಾರಿ, ಎಷ್ಟು ಜನ, ಯಾವ ಬ್ಯಾಂಡ್‌ಗಳು, ನಿಗಾ ನೋಡುವ ಸ್ವಯಂಸೇವಕರು ಎಷ್ಟು, ಇವೆಲ್ಲ ಅದರಲ್ಲಿರಬೇಕು. ಅದನ್ನು ವಿರೋಧಿಸಿ ರಸ್ತೆಗಿಳಿಯುವವರೂ 14 ದಿನ ಮೊದಲು 11/3 ನಮೂನೆ ಕೊಡಬೇಕು. ಶವಯಾತ್ರೆಗೆ ಇದ್ಯಾವುದೂ ಬೇಕಿಲ್ಲ.

ನಮೂನೆ ಪೊಲೀಸರಿಂದ ಪರೇಡ್ಸ್ ಕಮಿಷನ್ ಎಂಬ ಸ್ವತಂತ್ರ ಸಂಸ್ಥೆಗೆ ಹೋಗುತ್ತದೆ. ವರ್ಷಕ್ಕೆ ಬರುವ ಸಾವಿರಾರು ಸೂಚನೆಗಳಲ್ಲಿ ಹೆಚ್ಚಿನವಕ್ಕೆ ಯಾರ ತಕರಾರೂ ಇರುವುದಿಲ್ಲ. ತಕರಾರು ಇರುವ ಒಂದಷ್ಟಕ್ಕೆ ಮಾತ್ರ ಕಮಿಷನ್ ಷರತ್ತು ಹಾಕುತ್ತದೆ: ಈ ಬೀದಿಗೆ ಹೋಗಬೇಡಿ, ಇಂಥ ಜಾಗದಲ್ಲಿ ವಾದ್ಯ ನಿಲ್ಲಿಸಿ, ಇಷ್ಟು ಗಂಟೆಯೊಳಗೆ ಮುಗಿಸಿ ಅಂತ. ನೋಡುವ ಅಂಶಗಳನ್ನು 1998ರ ಸಾರ್ವಜನಿಕ ಮೆರವಣಿಗೆ ಕಾಯ್ದೆಯೇ ಹೇಳಿದೆ: ಗಲಭೆ ಅಥವಾ ಆಸ್ತಿಹಾನಿಯ ಸಾಧ್ಯತೆ, ಸ್ಥಳೀಯರ ದಿನನಿತ್ಯಕ್ಕೆ ಆಗುವ ಅಡ್ಡಿ, ಸಮುದಾಯಗಳ ಸಂಬಂಧದ ಮೇಲಾಗುವ ಪರಿಣಾಮ, ಸಂಘಟಕರು ನೀತಿಸಂಹಿತೆ ಪಾಲಿಸಿದ ಚರಿತ್ರೆ, ಜೊತೆಗೆ ಆ ದಾರಿ ರೂಢಿಯಿಂದ ಬಂದದ್ದೇ ಎಂಬುದು. ಪೂರ್ತಿ ನಿಷೇಧಿಸುವ ಅಧಿಕಾರ ಕಮಿಷನ್‌ಗೆ ಇಲ್ಲ. ಅದು ಲಂಡನ್ ಸರ್ಕಾರದ ಉತ್ತರ ಐರ್ಲೆಂಡ್ ಮಂತ್ರಿಯ ಕೈಯಲ್ಲಿದೆ. ಷರತ್ತು ಮುರಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ.

ಇಂಥ ಸಂಸ್ಥೆ ಯಾಕೆ ಬೇಕಾಯಿತು ಅನ್ನೋದಕ್ಕೆ 1996ರ ಡ್ರಮ್‌ಕ್ರೀ ನೋಡಿ. ಪೋರ್ಟಡೌನ್‌ನ ಕ್ಯಾಥೊಲಿಕರಿರುವ ಗಾರ್ವಾಹಿ ರೋಡಿನಲ್ಲಿ ಮೆರವಣಿಗೆ ಹೋಗಕೂಡದು ಅಂತ ಪೊಲೀಸರು ತಡೆದರು. ಚರ್ಚ್ ಪಕ್ಕದ ಹೊಲದಲ್ಲಿ ಸಾವಿರಾರು ಆರೆಂಜ್ ಸದಸ್ಯರು ಸೇರಿದರು, ಊರೂರಲ್ಲಿ ರಸ್ತೆ ಬಂದ್ ಆಯಿತು. ನಾಲ್ಕೇ ದಿನದಲ್ಲಿ ಪೊಲೀಸರು ತೀರ್ಮಾನ ತಿರುವಿಹಾಕಿ, ನಿವಾಸಿಗಳನ್ನು ಲಾಠಿಯಿಂದ ಸರಿಸಿ ಮೆರವಣಿಗೆಗೆ ದಾರಿ ಮಾಡಿಕೊಟ್ಟರು. ಹೆಚ್ಚು ಜನ ಸೇರಿಸಿದವರಿಗೇ ಗೆಲುವು ಎಂಬ ಪಾಠವನ್ನು ಎರಡೂ ಕಡೆಯವರು ಕಲಿತರು. ಬಂದೋಬಸ್ತು ಮಾಡುವವರೇ ದಾರಿಯನ್ನೂ ತೀರ್ಮಾನಿಸಬಾರದು ಅಂತ 1997ರ ಜನವರಿಯಲ್ಲಿ ಪೀಟರ್ ನಾರ್ತ್ ಸಮಿತಿ ವರದಿ ಕೊಟ್ಟದ್ದು ಇದಾದ ಮೇಲೆ.

ನಗಾರಿ:
ಕಡತಪ್ರಿಯ ಅವರು ಹೇಳಿದ್ದು ಸರಿ. ಆದರೆ ನಮೂನೆಯಲ್ಲಿ ಎಲ್ಲ ಸರಿಯಿದ್ದೂ ಬೀದಿಯಲ್ಲಿ ಯಾಕೆ ಕೆಡುತ್ತದೆ ಅನ್ನೋದು ಮುಖ್ಯ.

ಲಾಡ್ಜ್ (ಆರೆಂಜ್ ಆರ್ಡರ್‌ನ ಸ್ಥಳೀಯ ಶಾಖೆ) ಬೇರೆ, ಬ್ಯಾಂಡ್ ಬೇರೆ. ಹ್ಯಾಟು, ಕಿತ್ತಳೆ ಪಟ್ಟಿ ಹಾಕಿಕೊಂಡು ಸಾಲಾಗಿ ನಡೆಯುವ ಹಿರಿಯರು ಲಾಡ್ಜಿನವರು. ಅವರು ಆ ದಿನಕ್ಕೆ ಗೊತ್ತುಮಾಡಿ ತಂದದ್ದು ಬ್ಯಾಂಡ್. ಅಕಾರ್ಡಿಯನ್, ಬ್ಯಾಗ್‌ಪೈಪ್, ಸ್ವರ ಹಿಡಿದು ಚೆನ್ನಾಗಿ ನುಡಿಸುವ ಕೊಳಲು ತಂಡಗಳಿಂದ ತೊಂದರೆ ಕಡಿಮೆ. 'ಬ್ಲಡ್ ಆ್ಯಂಡ್ ಥಂಡರ್' ಅಂತ ಕರೆಯುವ ತಂಡಗಳಲ್ಲಿ ಹೆಚ್ಚಿನವರು ಹುಡುಗರು, ಮುಂದೆ ಒಂದು ಭಾರಿ ಬೇಸ್ ಡ್ರಮ್ಮು, ಹಿಂದೆ ಕೊಳಲು. ಎದುರು ಪಂಗಡದ ಕೇರಿ ಬಂದ ಕೂಡಲೇ ಏಟು ಜೋರಾಗುತ್ತದೆ. ಇನ್ನು ಪಕ್ಕದ ಫುಟ್‌ಪಾತಿನಲ್ಲಿ ಬಾಟಲಿ ಹಿಡಿದು ಜೊತೆಗೆ ನಡೆಯುವ ಬೆಂಬಲಿಗರು ಯಾರ ಲೆಕ್ಕಕ್ಕೂ ಇಲ್ಲ. ಲಾಡ್ಜಿನ ಶಿಸ್ತು ಅವರಿಗೆ ತಾಗದು. ಹೆಚ್ಚಿನ ಗಲಾಟೆಯ ಮೂಲ ಅಲ್ಲಿದೆ.

ಒಂದು ಸನ್ನೆ ಸಾಕು ದಶಕಗಟ್ಟಲೆ ಕೆಡಿಸಲು. ಬೆಲ್ಫಾಸ್ಟಿನ ಲೋವರ್ ಆರ್ಮೋ ರೋಡಿನ ಬೆಟ್ಟಿಂಗ್ ಅಂಗಡಿಯಲ್ಲಿ 1992ರ ಫೆಬ್ರವರಿ 5ರಂದು ಲಾಯಲಿಸ್ಟ್ (ಬ್ರಿಟನ್ ಪರ ಉಗ್ರ ಪಂಗಡದ) ಬಂದೂಕುಧಾರಿಗಳು ಐವರು ಕ್ಯಾಥೊಲಿಕರನ್ನು ಕೊಂದರು. ಅದೇ ಜುಲೈಯಲ್ಲಿ ಆ ಅಂಗಡಿ ಮುಂದೆ ಹೋದ ಮೆರವಣಿಗೆಯಲ್ಲಿ ಕೆಲವರು ಐದು ಬೆರಳು ಎತ್ತಿ ತೋರಿಸಿದರು. ಆ ರಸ್ತೆಯ ನಿವಾಸಿಗಳು ಆಮೇಲೆ ಒಪ್ಪಲೇ ಇಲ್ಲ.

2012ರ ಜುಲೈ 12ರಂದು ಬೆಲ್ಫಾಸ್ಟಿನದೇ ಡೊನೆಗಾಲ್ ಸ್ಟ್ರೀಟಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಎದುರು ಒಂದು ಬ್ಯಾಂಡ್ ವೃತ್ತಾಕಾರವಾಗಿ ಸುತ್ತುತ್ತ ಕ್ಯಾಥೊಲಿಕರನ್ನು ಹಂಗಿಸುವ ರಾಗ ನುಡಿಸಿತು. ಆ ದೃಶ್ಯ ಮೊಬೈಲಿನಲ್ಲಿ ಸೆರೆಯಾಯಿತು. ಆಮೇಲೆ ಆ ಜಾಗದಲ್ಲಿ ಒಂಟಿ ಡ್ರಮ್ಮಿನ ಏಟು ಮಾತ್ರ ಎಂಬಂಥ ಷರತ್ತುಗಳು ಬಂದವು: ಹೆಜ್ಜೆಗೊಂದು ಪೆಟ್ಟು, ಬೇರೆ ಸ್ವರ ಇಲ್ಲ. ಕೇಳೋದಕ್ಕೆ ಸಣ್ಣದು ಅನಿಸಬಹುದು. ಆದರೆ ಒಳಗೆ ಪ್ರಾರ್ಥನೆಗೆ ಕೂತವರಿಗೆ ಅದು ಸಣ್ಣದಲ್ಲ, ಹೊರಗೆ ನಡೆಯುವ ಬ್ಯಾಂಡಿನವರಿಗೆ ಅದೇ ದೊಡ್ಡ ಅವಮಾನ.

ಹೊಸಓದುಗ:
ಇಬ್ಬರಿಗೂ ಧನ್ಯವಾದ. ಹಾಗಾದರೆ ಕಮಿಷನ್ ಷರತ್ತು ಹಾಕಿ ಸುಮ್ಮನಾದರೆ ಜಗಳ ಮುಗಿಯುತ್ತದಾ? ಎದುರುಬದುರು ಕೂತು ಮಾತಾಡಿ ಬಗೆಹರಿದ ಉದಾಹರಣೆ ಇದೆಯಾ?

ಗೋಡೆಯಾಚೆ:
ಇದೆ, ಎರಡು. ಡೆರ್ರಿ ಮತ್ತು ಆರ್ಡೋಯ್ನ್. ಬರೀ ಷರತ್ತಿನಿಂದ ಗಲಭೆ ಮುಂದಕ್ಕೆ ಹೋಗುತ್ತದೆಯೇ ಹೊರತು ಜಗಳ ತೀರುವುದಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಡೆರ್ರಿಯಲ್ಲಿ ಎರಡನೇ ಜೇಮ್ಸನ ಸೈನ್ಯ ಹಾಕಿದ 1689ರ ಮುತ್ತಿಗೆಯ ನೆನಪಿಗೆ ಅಪ್ರೆಂಟಿಸ್ ಬಾಯ್ಸ್ ಎಂಬ ಪ್ರಾಟೆಸ್ಟೆಂಟ್ ಸಂಘ ಆಗಸ್ಟಿನ ಎರಡನೇ ಶನಿವಾರ ಮೆರವಣಿಗೆ ಮಾಡುತ್ತದೆ. ಕೋಟೆ ಗೋಡೆಯ ಕೆಳಗೇ ಕ್ಯಾಥೊಲಿಕರ ಕೇರಿ ಬಾಗ್‌ಸೈಡ್. 1996ರಲ್ಲಿ ಗೋಡೆಯ ಆ ಭಾಗವನ್ನು ಸರ್ಕಾರ ಮುಚ್ಚಬೇಕಾಯಿತು. ಮುಂದೆ ಜಾನ್ ಹ್ಯೂಮ್ ಅಂಥ ರಾಜಕಾರಣಿಗಳೂ ಊರಿನ ವ್ಯಾಪಾರಿಗಳೂ ನಡುವೆ ನಿಂತು ಸಂಘದವರನ್ನೂ ಬಾಗ್‌ಸೈಡ್ ನಿವಾಸಿಗಳನ್ನೂ ಮಾತಿಗೆ ಕೂರಿಸಿದರು. ಇದು ಸಾಧ್ಯವಾಗಿದ್ದು ಯಾಕೆಂದರೆ ಅಪ್ರೆಂಟಿಸ್ ಬಾಯ್ಸ್‌ನ ಕೇಂದ್ರ ಡೆರ್ರಿಯಲ್ಲೇ ಇದೆ, ಊರಿನ ಮುಖಂಡರೇ ಮಾತು ಕೊಡಬಹುದಿತ್ತು. ಆರೆಂಜ್ ಆರ್ಡರ್‌ನಲ್ಲಿ ಹಾಗಿಲ್ಲ. ನಿವಾಸಿಗಳ ಸಂಘದ ಜೊತೆಗಾಗಲಿ ಕಮಿಷನ್ ಜೊತೆಗಾಗಲಿ ಮಾತಾಡಕೂಡದು ಅಂತ ಅವರ ಕೇಂದ್ರ ಮಂಡಳಿಯಾದ ಗ್ರ್ಯಾಂಡ್ ಲಾಡ್ಜ್ ವರ್ಷಗಟ್ಟಲೆ ಪಟ್ಟು ಹಿಡಿದಿತ್ತು. ಎರಡನೇ ಕಾರಣ ಅಂಗಡಿಗಳು. ಪ್ರತಿ ಆಗಸ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂರುವುದು ವ್ಯಾಪಾರಿಗಳಿಗೆ ಸಾಕಾಗಿತ್ತು. ಸಂಘವೂ ಮುತ್ತಿಗೆಯ ಸ್ಮರಣೆಯ ಸುತ್ತ ಸಂಗೀತ, ನಾಟಕದ ಹಬ್ಬ ಕಟ್ಟಿತು.

ಉತ್ತರ ಬೆಲ್ಫಾಸ್ಟಿನ ಕ್ಯಾಥೊಲಿಕರ ಕೇರಿ ಆರ್ಡೋಯ್ನ್ ಹೆಚ್ಚು ಕಷ್ಟದ್ದು. ಅಲ್ಲಿ ಜಗಳ ಬೆಳಗ್ಗೆ ಹೋಗುವುದರ ಬಗ್ಗೆ ಅಷ್ಟಿರಲಿಲ್ಲ, ಸಂಜೆ ಮರಳುವುದರ ಬಗ್ಗೆ ಇತ್ತು. ಇಡೀ ದಿನ ಕುಡಿದ ಬೆಂಬಲಿಗರು, ಎದುರು ಕಾಯುತ್ತಿರುವ ಹುಡುಗರು. 2013ರ ಜುಲೈಯಲ್ಲಿ ಕಮಿಷನ್ ಸಂಜೆಯ ಮೆರವಣಿಗೆಯನ್ನು ಆರ್ಡೋಯ್ನ್ ಅಂಗಡಿಗಳ ಮುಂದೆ ಹೋಗದಂತೆ ತಡೆಯಿತು. ಆರೆಂಜ್ ಬೆಂಬಲಿಗರು ಹತ್ತಿರದ ಟ್ವಾಡೆಲ್ ಅವೆನ್ಯೂದಲ್ಲಿ ಶಿಬಿರ ಹೂಡಿ ಮೂರು ವರ್ಷ ಕೂತರು. ಪೊಲೀಸ್ ಖರ್ಚು 2 ಕೋಟಿ ಪೌಂಡ್ ದಾಟಿತು. 2016ರ ಸೆಪ್ಟೆಂಬರಿನಲ್ಲಿ ಆದ ಒಪ್ಪಂದ ಹೀಗೆ: ಅಕ್ಟೋಬರ್ 1ರ ಬೆಳಗ್ಗೆ ಲಾಡ್ಜ್‌ಗಳು ಒಮ್ಮೆ ಆ ದಾರಿಯಲ್ಲಿ ಮರಳಿ ಮನೆ ಸೇರಬೇಕು, ಅದೇ ದಿನ ಶಿಬಿರ ಎತ್ತಬೇಕು, ಇನ್ನು ಮುಂದೆ ನಿವಾಸಿಗಳ ಜೊತೆ ಒಪ್ಪಂದವಾಗದೆ ಸಂಜೆಯ ಮೆರವಣಿಗೆಗೆ ನಮೂನೆ ಹಾಕಬಾರದು. 'ನಾವು ಮನೆಗೆ ಮರಳಿದೆವು' ಅಂತ ಒಂದು ಕಡೆಯವರು ತಲೆಯೆತ್ತಿ ಹೇಳಬಹುದು, 'ಸಂಜೆಯ ಕಾಟ ತಪ್ಪಿತು' ಅಂತ ಇನ್ನೊಂದು ಕಡೆಯವರು. ಒಪ್ಪಂದದ ಜಾಣತನ ಇರುವುದು ಇಲ್ಲಿ. ಆದರೂ ಸಹಿ ಹಾಕಿದ್ದು ನಿವಾಸಿಗಳ ಒಂದು ಸಂಘ ಮಾತ್ರ, ಇನ್ನೊಂದು ಸಂಘ ಆ ದಿನವೂ ರಸ್ತೆಗಿಳಿದು ವಿರೋಧಿಸಿತು. ಒಂದು ಕೇರಿಗೆ ಒಂದೇ ದನಿ ಇರುತ್ತದೆ ಅಂದುಕೊಂಡು ಮಾತಿಗೆ ಹೋದವರೆಲ್ಲ ಇಲ್ಲೇ ಎಡವುವುದು.

ನಗಾರಿ:
ಗೋಡೆಯಾಚೆ ಅವರೇ, ಒಂದು ತಕರಾರು. ಷರತ್ತಿಲ್ಲದಿದ್ದರೆ ಆರ್ಡೋಯ್ನ್‌ನಲ್ಲಿ ಯಾರೂ ಮಾತಿಗೆ ಬರುತ್ತಿರಲಿಲ್ಲ. ಆ ದಾರಿ ಹೇಗೂ ಸಿಗುತ್ತದೆ ಅನ್ನೋ ಭರವಸೆ ಇರುವವರೆಗೆ ಮಾತಿನ ಅಗತ್ಯವಾದರೂ ಏನಿರುತ್ತದೆ?

ಗೋಡೆಯಾಚೆ:
ಒಪ್ಪುತ್ತೇನೆ. ಆದರೆ ಅದೇ ಷರತ್ತು ಪೋರ್ಟಡೌನ್‌ನಲ್ಲಿ ಮಾತನ್ನು ತರಲಿಲ್ಲ. ಗಾರ್ವಾಹಿ ರೋಡಿನಲ್ಲಿ ಕೊನೆಯ ಮೆರವಣಿಗೆ ಹೋದದ್ದು 1997ರಲ್ಲಿ. ಆಮೇಲೂ ವಾರ ವಾರ ನಮೂನೆ ಸಲ್ಲಿಸುತ್ತ ಬಂದರು, ಕಮಿಷನ್ ತಡೆಯುತ್ತ ಬಂತು.

ಕಡತಪ್ರಿಯ:
ಮನಸ್ಸು ಬದಲಾಗಿದೆಯಾ ಎಂಬ ಪ್ರಶ್ನೆ ಉಳಿದಿದೆ. ಪ್ರೀತಿ ಹುಟ್ಟಿದೆ ಅನ್ನುವುದಕ್ಕಿಂತ ಪಂಗಡಗಳ ಹಿಡಿತ ಸಡಿಲಿದೆ ಅನ್ನಬಹುದು. ಅಲ್ಲಿನ ವಾರ್ಷಿಕ 'ಲೈಫ್ ಆ್ಯಂಡ್ ಟೈಮ್ಸ್' ಸಮೀಕ್ಷೆಯಲ್ಲಿ 2018ರಲ್ಲಿ ಶೇ. 50ರಷ್ಟು ಜನ ತಾವು ಯೂನಿಯನಿಸ್ಟರೂ (ಬ್ರಿಟನ್ ಜೊತೆಗಿರಬೇಕು ಅನ್ನುವವರು) ಅಲ್ಲ, ನ್ಯಾಷನಲಿಸ್ಟರೂ (ಐರ್ಲೆಂಡ್ ಒಂದಾಗಬೇಕು ಅನ್ನುವವರು) ಅಲ್ಲ ಅಂದರು. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟೆಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ. 43.5, ಮೊದಲ ಸಲ ಲೆಕ್ಕ ಮಗುಚಿತು. ಬಹುಸಂಖ್ಯೆಯ ಬಲದಿಂದ ಬೀದಿ ನಮ್ಮದು ಅನ್ನುವ ಮಾತು ಈಗ ನಿಲ್ಲದು. ಅದನ್ನು ಅರಿತೇ ಆರೆಂಜ್ ಆರ್ಡರ್ ಬೆಲ್ಫಾಸ್ಟಿನ ಮೆರವಣಿಗೆಗೆ 'ಆರೆಂಜ್‌ಫೆಸ್ಟ್' ಅಂತ ಹೆಸರಿಟ್ಟಿತು, 2015ರಲ್ಲಿ ಮ್ಯೂಸಿಯಂ ತೆರೆಯಿತು. ಗಡಿಯಾಚೆ ಐರ್ಲೆಂಡ್ ಗಣರಾಜ್ಯದ ಡೊನೆಗಾಲ್‌ನ ರಾಸ್‌ನೌಲಾದಲ್ಲಂತೂ ಕಡಲತೀರದ ಆರೆಂಜ್ ಮೆರವಣಿಗೆ ವರ್ಷ ವರ್ಷ ಸುಮ್ಮನೆ ನಡೆದುಹೋಗುತ್ತದೆ.

ಜುಲೈ 11ರ ರಾತ್ರಿಯ ಬೆಂಕಿಗುಡ್ಡೆಗಳನ್ನು ನೋಡಿದರೆ ಮಾತ್ರ ನನಗೆ ಆತಂಕವಾಗುತ್ತದೆ. ಅವು ಮೆರವಣಿಗೆಯಲ್ಲ, ಹಾಗಾಗಿ ಕಮಿಷನ್ ವ್ಯಾಪ್ತಿಗೆ ಬರುವುದಿಲ್ಲ. ನಮೂನೆ ತುಂಬುವ ಸಂಘಟಕರೂ ಇಲ್ಲ. 2025ರಲ್ಲಿ ಟೈರೋನ್ ಕೌಂಟಿಯ ಮೊಯ್‌ಗಾಶೆಲ್‌ನಲ್ಲಿ ಗುಡ್ಡೆಯ ತುದಿಗೆ ದೋಣಿ ಇಟ್ಟು, ಅದರಲ್ಲಿ ಲೈಫ್ ಜಾಕೆಟ್ ತೊಡಿಸಿದ ವಲಸಿಗರ ಬೊಂಬೆಗಳನ್ನು ಕೂರಿಸಿ ಸುಟ್ಟರು. ದ್ವೇಷದ ಗುರಿ ಹೊಸಬರ ಕಡೆಗೂ ತಿರುಗುತ್ತಿದೆ, ಅದಕ್ಕೆ 1998ರ ಕಾಯ್ದೆಯಲ್ಲಿ ಉತ್ತರವಿಲ್ಲ.

ಹೊಸಓದುಗ ಅವರೇ, ಮುಂದೆ ಓದುವುದಾದರೆ ಕಮಿಷನ್‌ನ ಆದೇಶಗಳಿಂದ ಶುರುಮಾಡಿ. ಅವು ಅಂತರ್ಜಾಲದಲ್ಲಿ ಸಿಗುತ್ತವೆ. ಒಂದೇ ಬೀದಿಯ ನಾಲ್ಕೈದು ವರ್ಷದ ಆದೇಶಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಷರತ್ತು ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಅಂತ ಗುರುತು ಹಾಕಿಕೊಳ್ಳಿ. ಆ ಬೀದಿಯಲ್ಲಿ ಮಾತು ನಡೆದಿದೆಯೋ ಇಲ್ಲವೋ ಅನ್ನೋದು ಬೇಗ ಹಿಡಿತಕ್ಕೆ ಸಿಗುತ್ತದೆ.