ರಾಯಚೂರು ದೋಆಬಿಗಾಗಿ ಅಷ್ಟೊಂದು ಯುದ್ಧಗಳೇಕೆ?

ಪ್ರಶ್ನೆ: ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಸೀಮೆಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಆನಂತರ ಬಿಜಾಪುರದ ಆದಿಲಶಾಹಿಗಳೂ ಕಾದಾಡುತ್ತಲೇ ಇದ್ದುದೇಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಎರೆಭೂಮಿಯ ಕಂದಾಯವೂ ಒಂದು ಕಾರಣವೇ. ಆದರೆ ನನ್ನ ಮಟ್ಟಿಗೆ ಕೋಟೆಗಳೇ ಮುಖ್ಯ; ರಾಯಚೂರು, ಮುದಗಲ್ಲುಗಳು ಯಾರ ಕೈಯಲ್ಲಿದ್ದವೋ ಅವರಿಗೆ ಎದುರಾಳಿಯ ರಾಜ್ಯದೊಳಗೆ ನುಗ್ಗುವುದು ಸುಲಭವಾಗುತ್ತಿತ್ತು.

ಉತ್ತರ 2: 1520ರ ಕದನವನ್ನು ಗಮನಿಸಿ. ಕೃಷ್ಣೆಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲಶಹನ ಫಿರಂಗಿಗಳು ಮೊದಲು ವಿಜಯನಗರದ ಸೇನೆಯನ್ನು ಚದುರಿಸಿದರೂ, ಕೃಷ್ಣದೇವರಾಯನು ಮರುದಾಳಿ ನಡೆಸಿದಾಗ ಹಿಮ್ಮೆಟ್ಟಿದ ಸೈನಿಕರಿಗೆ ಅದೇ ಹೊಳೆ ಮೃತ್ಯುವಾಯಿತು. ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ವಿಜಯನಗರದ ಪರವಾಗಿದ್ದ ಪೋರ್ಚುಗೀಸ್ ಕೋವಿಕಾರರು ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆಯುತ್ತಿರಲು, ಕೆಳಗಿನವರು ಕಲ್ಲುಗಳನ್ನು ಕಿತ್ತರೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ.

ಉತ್ತರ 3: ಆ ಗೆಲುವೂ ಶಾಶ್ವತವಾಗಲಿಲ್ಲ, 1565ರ ತಾಳಿಕೋಟೆ ಯುದ್ಧದ ಬಳಿಕ ದೋಆಬು ಮತ್ತೆ ಬಿಜಾಪುರದ ಪಾಲಾಯಿತು.