ಫುಟ್‌ಪಾತ್ ತೆರವಿನ ನಿಯಮ: ಅಳತೆ ಹಾಕಿ ಬರೆಯುವುದು ಹೇಗೆ?

ಕಾಲ್ದಾರಿ:
ಬಡಾವಣೆ ಸಂಘಕ್ಕೆ ನಿಯಮದ ಕರಡು ಬರೆಯಬೇಕಿದೆ. ‘ಫುಟ್‌ಪಾತಿಗೆ ಅಡ್ಡಿ ಮಾಡಬಾರದು’ ಎಂದಷ್ಟೇ ಬರೆದರೆ ‘ಒಬ್ಬರು ಹೋಗುವಷ್ಟು ಜಾಗ ಬಿಟ್ಟಿದೀವಲ್ಲ’ ಅನ್ನುವ ಉತ್ತರ ಗ್ಯಾರಂಟಿ. ಒಟ್ಟು ಅಗಲ 2.4 ಮೀಟರ್, ಕಂಬ, ಮರ, ಗೇಟಿನ ರ‍್ಯಾಂಪ್, ಬೈಕು ಎಲ್ಲ ಅದರಲ್ಲೇ. ಎಷ್ಟು ಖಾಲಿ ಇರಲೇಬೇಕು?

ಟೇಪುಗಾರ:
ಒಟ್ಟು ಅಗಲ ಮರೆತುಬಿಡಿ. ಅತಿ ಇಕ್ಕಟ್ಟಾದ ಕಡೆ ಅಡ್ಡಿಗಳ ನಡುವೆ ಎಷ್ಟು ಉಳಿಯುತ್ತದೋ ಅದೇ ಫುಟ್‌ಪಾತಿನ ನಿಜವಾದ ಅಗಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ (ಐಆರ್‌ಸಿ 103) ನಡೆಯುವ ಪಟ್ಟಿಗೆ ಕನಿಷ್ಠ 1.8 ಮೀ. ಅಗಲ, 2.2 ಮೀ. ಎತ್ತರ ಹೇಳುತ್ತದೆ. ಅಮೆರಿಕದ 2023ರ ಮಾರ್ಗಸೂಚಿ 1.22 ಮೀ.ಗೆ ಒಪ್ಪುತ್ತದಾದರೂ, ಅಷ್ಟರಲ್ಲಿ ಎರಡು ವೀಲ್‌ಚೇರ್ ಎದುರುಬದುರಾದರೆ ದಾಟಲಾಗದು. ಅದಕ್ಕೇ ಸುಮಾರು 61 ಮೀ.ಗೊಂದು ಅಗಲದ ಜಾಗ ಕೇಳುತ್ತದೆ.

ನಿಮ್ಮಲ್ಲಿ 1.8 ಬಿಟ್ಟರೆ ಉಳಿಯೋದು 0.6. ಕಂಬ, ಮರ ಎಲ್ಲ ರಸ್ತೆ ಬದಿಯ ಆ ಪಟ್ಟಿಯಲ್ಲೇ ಇರಲಿ. ಬೈಕಿಗೆ ಮಾತ್ರ ಅದು ಸಾಲದು, ಹ್ಯಾಂಡಲ್ಲೇ 70 ಸೆಂ.ಮೀ. ಮೀರುತ್ತದೆ. ಹಾಗಾಗಿ ಬೈಕು ಫುಟ್‌ಪಾತಿನ ಮೇಲೆ ಬೇಡವೇ ಬೇಡ ಅಂತ ಬರೆಯಿರಿ. ಕಲ್ಲುಗೂಟ ನೆಟ್ಟು ತಡೆಯುತ್ತೇವೆ ಅಂದುಕೊಳ್ಳಬೇಡಿ: ವೀಲ್‌ಚೇರ್ ನುಸುಳುವ ಸಂದಿಯಲ್ಲಿ ಸ್ಕೂಟರೂ ನುಸುಳುತ್ತದೆ.

ಬಿಳಿಕೋಲು:
ಎತ್ತರದ ವಿಷಯ ಎಲ್ಲರೂ ಹಾರಿಸಿಬಿಡ್ತಾರೆ. ಕಣ್ಣು ಕಾಣದವರ ಬಿಳಿ ಕೋಲು ನೆಲದ ಹತ್ತಿರ ಇರೋದನ್ನ ಮಾತ್ರ ಹಿಡಿಯುತ್ತದೆ. ಅದೇ ಅಮೆರಿಕದ ಮಾರ್ಗಸೂಚಿಯ ಪ್ರಕಾರ ನೆಲದಿಂದ 68 ಸೆಂ.ಮೀ.ಗಿಂತ ಮೇಲೆ, 2.03 ಮೀ.ಗಿಂತ ಕೆಳಗೆ ಯಾವುದೂ ದಾರಿಯೊಳಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ಚಾಚಬಾರದು. ಎಸಿಯ ಹೊರಗಿನ ಪೆಟ್ಟಿಗೆ, ಹೊರಕ್ಕೆ ತೆರೆಯುವ ಕಿಟಕಿ, ಮೀಟರ್ ಬಾಕ್ಸ್: ಪೆಟ್ಟಾಗೋದು ಇವುಗಳಿಂದಲೇ, ಅದೂ ಮುಖಕ್ಕೆ. ತೆಗೆಯಲಾಗದಿದ್ದರೆ ಅದರ ಕೆಳಗೆ ನೆಲದಿಂದಲೇ ಕಟ್ಟೆ ಕಟ್ಟಿ, ಕೋಲಿಗೆ ಸಿಗುತ್ತದೆ. ಕೊಂಬೆಗಳನ್ನು 2.5 ಮೀ.ವರೆಗೆ ಸವರಿಸಿ, ಮಳೆ ನೀರಿನ ಭಾರಕ್ಕೆ ಜೋಲುತ್ತವೆ.

ಟೇಪುಗಾರ:
ಸರಿಯಾಗಿ ಹೇಳಿದ್ರಿ. ಗೇಟಿನ ರ‍್ಯಾಂಪಿಗೂ ಒಂದು ಸಾಲು ಸೇರಿಸಿ: ಇಳಿಜಾರು ಆ 0.6 ಮೀ. ಪಟ್ಟಿಯೊಳಗೇ ಮುಗಿಯಬೇಕು, ನಡೆಯುವ ಪಟ್ಟಿ ಮಟ್ಟ ಕೆಡದೆ ಸಾಗಬೇಕು. ಪ್ರತಿ ಮನೆಯೂ ತನಗೆ ಬೇಕಾದ ಎತ್ತರಕ್ಕೆ ರ‍್ಯಾಂಪ್ ಎಬ್ಬಿಸಿದರೆ ಜನ ರಸ್ತೆಗಿಳಿದೇ ನಡೆಯೋದು. ಫುಟ್‌ಪಾತಿನ ಅಡ್ಡ ಇಳಿಜಾರು (ರಸ್ತೆಯ ಕಡೆಗಿನ ವಾಟ) 50ಕ್ಕೆ 1 ಮೀರದಿರಲಿ, ಮೀರಿದರೆ ವೀಲ್‌ಚೇರ್ ರಸ್ತೆಯ ಕಡೆ ಎಳೆಯುತ್ತದೆ. ಚರಂಡಿ ಜಾಲರಿಯ ಸಂದಿ 13 ಮಿ.ಮೀ. ಒಳಗಿರಲಿ, ನಡೆಯುವ ದಿಕ್ಕಿಗೆ ಅಡ್ಡಲಾಗಿರಲಿ. ಉದ್ದಕ್ಕಿದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ.

ಕಾಲ್ದಾರಿ:
ಮನೆ ಕಟ್ಟುವಾಗ ಜಲ್ಲಿ, ಮರಳು ಸುರಿಯೋದು? ಪೂರ್ತಿ ನಿಷೇಧ ಮಾಡಿದರೆ ಯಾರೂ ಕೇಳಲ್ಲ.

ಸೈಟ್ ಮೇಸ್ತ್ರಿ:
ಜಾಗ ಗುರುತಿಸಿಕೊಡಿ, ಗಡುವು ಹಾಕಿ. ರಾಶಿಯ ಸುತ್ತ ಹಲಗೆ ತಡೆ ಇಲ್ಲದಿದ್ದರೆ ಮೊದಲ ಮಳೆಗೇ ಮರಳು ಚರಂಡಿ ಸೇರುತ್ತದೆ. ಫುಟ್‌ಪಾತ್ ಮುಚ್ಚಲೇಬೇಕಾದರೆ ಅದೇ ಬದಿಯಲ್ಲಿ 1.2 ಮೀ. ತಾತ್ಕಾಲಿಕ ದಾರಿ, ವಾಹನಗಳ ಕಡೆ ಗಟ್ಟಿ ಬ್ಯಾರಿಕೇಡ್. ಬರೀ ಟೇಪು ಕಟ್ಟಿದರೆ ಕೋಲಿಗೆ ಸಿಗಲ್ಲ. ಇನ್ನೊಂದು: ಸಾರ್ವಜನಿಕ ಫುಟ್‌ಪಾತ್ ಸ್ಥಳೀಯ ಸಂಸ್ಥೆಯ ಸ್ವತ್ತು. ಸಂಘ ತಾನೇ ಮುಂದೆ ನಿಂತು ಸಾಮಾನು ಎತ್ತಿಸಬಾರದು. ಟೇಪು ಹಿಡಿದ ಅಳತೆ ಕಾಣುವ ಹಾಗೆ ಫೋಟೊ ತೆಗೆದು, ಜಾಗ, ದಿನಾಂಕ ಹಾಕಿ ದೂರು ಕೊಡಿ.