ಗದ್ದ ಜೋಮು ಅಂತಾರ, ಸಿಟಿ ಸ್ಕ್ಯಾನ್ ಒಳಗ ನರದ ಕಡೆ ಏನೂ ಕಾಣವಲ್ದು. ಕ್ಯಾನ್ಸರ್ ಗಡ್ಡಿ ನರದಗುಂಟ ಹೋಗಿದ್ದು ಹೆಂಗ ಹಿಡೀಬೇಕ್ರಿ?

ಪೀಜಿ_ಹುಬ್ಬಳ್ಳಿ:
ರೇಡಿಯಾಲಜಿ ಎರಡನೇ ವರ್ಷ ನಂದು. ನಿನ್ನೆ ಹಾವೇರಿ ಕಡೆ ಅಜ್ಜಾರೊಬ್ರು ಬಂದಿದ್ರು, ಗುಟ್ಕಾ ಭಾಳ ವರ್ಷದ್ದು, ಎಡಕ್ಕ ಕೆಳಗಿನ ಒಸಡಿಗೆ ಹತ್ತಿ ಗಡ್ಡಿ, ಬಯಾಪ್ಸಿ ಸ್ಕ್ವಾಮಸ್ (ಬಾಯಿ ಪದರಿನ ಕ್ಯಾನ್ಸರ್). ಗಡ್ಡಿ ಅಳತಿ, ಎಲುಬು, ಕುತ್ತಿಗಿ ಗಂಟು ಎಲ್ಲಾ ಬರದು ರಿಪೋರ್ಟ್ ಮುಗಿಸಿದ್ದೆ, ಹೋಗೋ ಮುಂದ ಅವ್ರು "ಗಡ್ಡಾ ಹೆರಕೊಳ್ಳೋ ಮುಂದ ಗದ್ದಕ್ಕ ಬ್ಲೇಡ್ ತಾಗಿದ್ದ ತಿಳಿವಲ್ದು ತಮ್ಮಾ, ಚಾ ತುಟಿಯಿಂದ ಸೋರಿದ್ರೂ ಗೊತ್ತಾಗಂಗಿಲ್ಲ" ಅಂದ್ರು. ಫೊರಾಮೆನ್ ಓವೇಲ್ (ತಲಿಬುರುಡಿ ತಳದಾಗ ನರ ದಾಟೋ ತೂತು) ಸಿಟಿಯೊಳಗ ಎರಡೂ ಕಡೆ ಒಂದ ಸೈಜ್ ಐತಿ. ಬಿಡ್ಲ್ಯಾ, ಎಂಆರ್‌ಐ ಕೇಳ್ಲ್ಯಾ?

ಹಳೇ_ಫಿಲ್ಮು:
ಕೇಳ್ರಿ, ಇವತ್ತ ಕೇಳ್ರಿ. ಗದ್ದ ಜೋಮು ಅಂದ್ರ ಇನ್ಫೀರಿಯರ್ ಆಲ್ವಿಯೋಲಾರ್ ನರ, ದವಡಿ ಎಲುಬಿನ ಕೊಳವಿಯಿಂದ ಮ್ಯಾಲ ಬಂದು ವಿ3 (ಮುಖದ ಟ್ರೈಜೆಮಿನಲ್ ನರದ ಮೂರನೇ ಕವಲು) ಕೂಡತೈತಿ, ಅಲ್ಲಿಂದ ಓವೇಲ್ ದಾಟಿದ್ರ ಮೆಕೆಲ್ಸ್ ಕೇವ್ (ಬುರುಡಿ ಒಳಗ ಆ ನರ ಕುಂತಿರೋ ಗೂಡು). ತೂತು ಅಗಲ ಆಗೋದು ತಡಾ ಆಗಿ, ಅದನ್ನ ನಂಬಿ ಕುಂದ್ರಬ್ಯಾಡ್ರಿ. ಎಂಆರ್‌ಐಯೊಳಗ ಮದ್ಲ ಕಾಂಟ್ರಾಸ್ಟ್ (ಚಿತ್ರದಾಗ ಹೊಳೆಯೋ ಔಷಧ) ಇಲ್ಲದ, ಫ್ಯಾಟ್‌ಸ್ಯಾಟ್ (ಕೊಬ್ಬಿನ ಬಿಳುಪು ಅಳಿಸೋದು) ಇಲ್ಲದ ಸಾದಾ ಟಿ1 (ಕೊಬ್ಬು ಬೆಳ್ಳಗ ಕಾಣೋ ಚಿತ್ರ) ನೋಡ್ರಿ, ಎಲ್ರೂ ಅದನ್ನ ಹಾರಿಸಿ ಕಾಂಟ್ರಾಸ್ಟ್‌ಗೆ ಓಡ್ತಾರ. ಓವೇಲ್ ಕೆಳಗ, ಮ್ಯಾಂಡಿಬ್ಯುಲಾರ್ ಫೊರಾಮೆನ್ (ನರ ದವಡಿ ಎಲುಬಿನೊಳಗ ಹೋಗೋ ತೂತು) ಬಾಯಾಗ ಕೊಬ್ಬು ಬೆಣ್ಣಿಯಂಗ ಬೆಳ್ಳಗ ಇರಬೇಕು, ಒಂದ ಕಡೆ ಬೂದಿ ಬಣ್ಣ ಆಗಿದ್ರ ಸಂಶಯ. ಆಮ್ಯಾಲ ಗ್ಯಾಡೋಲಿನಿಯಂ ಕಾಂಟ್ರಾಸ್ಟ್, ಫ್ಯಾಟ್‌ಸ್ಯಾಟ್, ತೆಳು ಸ್ಲೈಸ್, ಕೊರೋನಲ್ (ಮುಖಕ್ಕ ಎದುರಾಗಿ ಕೊಯ್ದಂಗ ಕಾಣೋದು) ಬೇಕ ಬೇಕು, ಕ್ಯಾವರ್ನಸ್ ಸೈನಸ್ (ಬುರುಡಿ ಒಳಗ ಕಣ್ಣಿನ ಹಿಂದಿನ ರಕ್ತನಾಳದ ಗೂಡು) ತನಕ ಕವರ್ ಆಗ್ಲಿ.

ಧಾರವಾಡ_ಪೇಡಾ:
ಒಂದ ಮಾತು, ಓವೇಲ್ ಸುತ್ತ ವೀನಸ್ ಪ್ಲೆಕ್ಸಸ್ (ಸಣ್ಣ ರಕ್ತನಾಳದ ಜಾಲ) ನಾರ್ಮಲ್ ಇದ್ರೂ ಕಾಂಟ್ರಾಸ್ಟ್ ಕೊಟ್ರ ಹೊಳೀತೈತಿ, ನಾನೂ ಒಮ್ಮೆ ಅದನ್ನ ಗಡ್ಡಿ ಅಂತ ಬರದು ಬೈಸ್ಕೊಂಡೀನಿ. ನಡುವ ನರ ದಪ್ಪ ಆಗೇತೇನು, ಆ ಕಡೆಗಿಂತ ಬ್ಯಾರೆ ಐತೇನು ನೋಡ್ರಿ. ಹಲ್ಲಿನ ಕ್ಯಾಪ್ ಇದ್ರ ಫ್ಯಾಟ್‌ಸ್ಯಾಟ್ ಕೆಡತೈತಿ, ಡಿಕ್ಸನ್ (ಕೊಬ್ಬು ಅಳಿಸೋ ಇನ್ನೊಂದು ವಿಧಾನ) ಇದ್ರ ಅದನ್ನ ಹಾಕಸ್ರಿ. ಮತ್ತ ಮ್ಯಾಸೆಟರ್, ಟೆರಿಗಾಯ್ಡ್ (ವಿ3 ನಡಸೋ ಅಗಿಯೋ ಸ್ನಾಯು) ನೋಡೋದು ಮರೀಬ್ಯಾಡ್ರಿ: ವಿ3 ಬುಡಕ್ಕ ಹತ್ತಿದ್ರ ಅವು ಸುರುವಿಗೆ ಟಿ2 ಚಿತ್ರದಾಗ (ನೀರು ಬೆಳ್ಳಗ ಕಾಣೋದು) ಬೆಳ್ಳಗ ಊದತಾವ (ಗಡ್ಡಿನ ಅನಸ್ತೈತಿ), ಮುಂದ ಸಣ್ಣ ಆಗಿ ಕೊಬ್ಬು ತುಂಬತೈತಿ.

ಆರ್‌ಟಿ_ಅಕ್ಕಾ:
ನಮಗ ಎಲ್ಲಿ ತನಕ ಹೋಗೇತಿ ಅನ್ನೋದ ಮುಖ್ಯ, ರೇಡಿಯೇಷನ್ ಫೀಲ್ಡ್ ಅದರ ಮ್ಯಾಲ ಹಾಕ್ತೀವಿ. ನಡುವ ನರ ಚಲೋ ಕಂಡು ಮ್ಯಾಲ ಮತ್ತ ಹತ್ತಿರಬಹುದು, ಅದಕ್ಕ ಮೆದುಳಿನ ತನಕ ಪೂರಾ ನೋಡ್ರಿ. ಅಡೆನಾಯ್ಡ್ ಸಿಸ್ಟಿಕ್ (ಹೆಚ್ಚಾಗಿ ಜೊಲ್ಲು ಗ್ರಂಥಿಯೊಳಗ ಬರೋ ಕ್ಯಾನ್ಸರ್) ಇದ್ರ ಜೋಮು ಇಲ್ದಿದ್ರೂ ನೋಡ್ರಿ, ಅದು ನರ ಬಿಡೋದ ಇಲ್ಲ. ಕಳ್ಸೋ ಫಾರ್ಮ್‌ನ್ಯಾಗ "ಗದ್ದ ಜೋಮು" ಅಂತ ಯಾರೂ ಬರಿಯಂಗಿಲ್ಲ, ಅದ ಸಿಟ್ಟು ನನಗ.

ಪೀಜಿ_ಹುಬ್ಬಳ್ಳಿ:
ಸಿಟಿ ಮತ್ತ ತಗದು ನೋಡಿದ್ನಿರಿ. ಎಡಗಡೆ ಮೀಡಿಯಲ್ ಟೆರಿಗಾಯ್ಡ್ ಬಲಗಡಿಗಿಂತ ಸಣ್ಣ ಐತಿ, ನಿನ್ನೆ ಕಣ್ಣಿಗೆ ಬಿದ್ದಿದ್ದ ಇಲ್ಲ. ರಿಪೋರ್ಟ್ ತಿದ್ದಿ ಎಂಆರ್‌ಐ ಬರದೀನಿ, ಅಜ್ಜಾರಿಗೆ ಫೋನ್ ಹಚ್ಚಾಕತ್ತೀನಿ.